ನೆಲದಡಿಯವನಿಗೆ ಒಂದು ಉತ್ತರ, ಮೇಲಿನವನಿಗೆ ಇನ್ನೊಂದು

ಕೆಜಿಎಫ್‌ನ ಚಿನ್ನದ ಗಣಿಗಳು 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ಅದಕ್ಕೂ ಮುಂಚಿನ ಒಂದು ದಿನ, ಚಾಂಪಿಯನ್ ರೀಫ್‌ನ ಒಂದೇ ಶಾಫ್ಟಿಗೆ ಸೇರಿದ ಇಬ್ಬರು ಹಾಜರಿ ನೋಡುವ ಟೈಂ ಆಫೀಸಿನ ಕಿಟಕಿಗೆ ಬಂದು ಒಂದೇ ಪ್ರಶ್ನೆ ಕೇಳಿದರು ಎಂದಿಟ್ಟುಕೊಳ್ಳಿ: “ವರ್ಷಕ್ಕೆ 240 ಹಾಜರಿ ಆಗಿದೆ ಸಾರ್, ಸಂಬಳದ ರಜೆ ಎಷ್ಟು ಬರುತ್ತೆ?” ಒಬ್ಬ ಕೇಜಿನಲ್ಲಿ ಇಳಿದು ಬಂಡೆ ಕೊರೆಯುವವನು, ಇನ್ನೊಬ್ಬ ಮೇಲೆ ಆ ಕೇಜನ್ನು ಏರಿಸಿ ಇಳಿಸುವ ಎಂಜಿನ್ ನಡೆಸುವವನು. 1952ರ ಗಣಿ ಕಾಯ್ದೆಯ 52ನೇ ಕಲಮಿನಂತೆ ನೆಲದಡಿ ದುಡಿದವನಿಗೆ 15 ದಿನಕ್ಕೊಂದು ರಜೆ, ಒಟ್ಟು 16. ಉಳಿದವರಿಗೆ 20 ದಿನಕ್ಕೊಂದು, ಒಟ್ಟು 12. ಗುಮಾಸ್ತನಿಗೆ ಇದರಲ್ಲಿ ಕಷ್ಟವೇನಿಲ್ಲ, ಎದುರಿಗೆ ನಿಂತವನು ಯಾರೆಂದು ಅವನಿಗೆ ಗೊತ್ತು.

ಆ ಕಿಟಕಿಯಲ್ಲಿ ಚಾಟ್‌ಬಾಟ್ ಕೂರಿಸಿದರೆ?

ಇಂದು ಇದನ್ನು ಬಯಸುವ ಕಚೇರಿಗಳಿಗೆ ಕೊರತೆಯಿಲ್ಲ. ಕೆಜಿಎಫ್‌ನಲ್ಲೇ ಬಿಇಎಂಎಲ್‌ನಂಥ ದೊಡ್ಡ ಕಾರ್ಖಾನೆಯಿದೆ. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ದಿನಾ ರೈಲು ಹತ್ತಿ ಬೆಂಗಳೂರಿನ ಕಚೇರಿಗಳಿಗೆ ಹೋಗುವವರಲ್ಲಿ ಇಂಥದ್ದನ್ನು ಕಟ್ಟಬಲ್ಲ ಹುಡುಗ ಹುಡುಗಿಯರೂ ಇದ್ದಾರೆ. ಕೆಲಸ ಕೈಗೆತ್ತಿಕೊಂಡವರು ಮೊದಲು ಕೇಳುವುದು ಯಾವ ಕಂಪನಿಯ ಎಐ ಒಳ್ಳೆಯದು ಎಂದು. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈ ಕೆಲಸದ ಮುಕ್ಕಾಲು ಪಾಲು ಕಾಗದದ ಕೆಲಸ.

ಭಾಷಾ ಮಾದರಿ ಎಂಬುದು ಅಪಾರ ಪಠ್ಯವನ್ನು ಓದಿ, ಮುಂದಿನ ಪದ ಯಾವುದಿರಬಹುದು ಎಂದು ಅಂದಾಜಿಸಲು ಕಲಿತ ಗಣಿತ. ನಿಮ್ಮ ಕಚೇರಿಯ ಸುತ್ತೋಲೆ ಅದರ ಕಣ್ಣಿಗೇ ಬಿದ್ದಿಲ್ಲ. ಕೇಳಿದರೆ ಸುಮ್ಮನಿರುವ ಬದಲು ಸೊಗಸಾಗಿ ಕಟ್ಟುಕಥೆ ಹೇಳೀತು. ಅದಕ್ಕೇ 2020ರಲ್ಲಿ ಫೇಸ್‌ಬುಕ್‌ನ ಸಂಶೋಧಕರು ಮತ್ತವರ ಸಹವರ್ತಿಗಳು ವಿವರಿಸಿದ ‘ರ‍್ಯಾಗ್’ ಎಂಬ ವಿಧಾನ ಇಷ್ಟು ಬೇಗ ಹರಡಿತು. ಮೊದಲು ಹುಡುಕು, ಸಿಕ್ಕಿದ್ದನ್ನು ಓದಿ ಉತ್ತರಿಸು ಎನ್ನುವುದೇ ಅದರ ತಿರುಳು. ದಾಖಲೆಗಳನ್ನು ಸಣ್ಣ ತುಣುಕು ಮಾಡುತ್ತಾರೆ. ಪ್ರತಿ ತುಣುಕೂ ನೂರಾರು, ಕೆಲವೊಮ್ಮೆ ಸಾವಿರಾರು ಸಂಖ್ಯೆಗಳ ಸಾಲಾಗುತ್ತದೆ. ಅರ್ಥ ಹತ್ತಿರವಿದ್ದರೆ ಸಂಖ್ಯೆಗಳೂ ಹತ್ತಿರ. ಪ್ರಶ್ನೆಯನ್ನೂ ಹಾಗೆಯೇ ಸಂಖ್ಯೆಗಿಳಿಸಿ, ಅದಕ್ಕೆ ಅತಿ ಸಮೀಪದ ನಾಲ್ಕೈದು ತುಣುಕು ಆರಿಸಿ, ‘ಇಷ್ಟರಲ್ಲೇ ಉತ್ತರ ಹೇಳು’ ಎಂದು ಮಾದರಿಯ ಮುಂದಿಡುತ್ತಾರೆ.

ಎಡವುವುದು ತುಣುಕು ಮಾಡುವಲ್ಲಿ. ಪದ ಎಣಿಸಿ ಕತ್ತರಿಸಿದಾಗ 52ನೇ ಕಲಮಿನ ‘ನೆಲದಡಿ’ಯ ಉಪಕಲಮು ಒಂದು ತುಣುಕಿಗೆ, ‘ಉಳಿದವರ’ದು ಇನ್ನೊಂದಕ್ಕೆ ಹೋಯಿತು ಎನ್ನಿ. ಹುಡುಕಾಟಕ್ಕೆ ಮೊದಲನೆಯದು ಮಾತ್ರ ಸಿಕ್ಕರೆ ಎಂಜಿನ್ ನಡೆಸುವವನಿಗೂ 16 ರಜೆ! ಕಲಮಿನ ಸಂಖ್ಯೆ ಸರಿ, ಗುಣಾಕಾರ ಭಾಗಾಕಾರ ಸರಿ, ಉತ್ತರ ಮಾತ್ರ ಅವನದಲ್ಲ. ಆದ್ದರಿಂದ ಪದ ಎಣಿಸದೆ ಕಲಮು ನೋಡಿ ಕತ್ತರಿಸಬೇಕು, ತಲೆಬರಹವನ್ನು ಪ್ರತಿ ತುಣುಕಿಗೂ ಅಂಟಿಸಬೇಕು. “ನೀವು ಕೆಲಸ ಮಾಡುವುದು ನೆಲದಡಿಯೋ, ಮೇಲೋ?” ಎಂದು ಬಾಟ್ ಮರುಪ್ರಶ್ನೆ ಹಾಕುವಂತಿರಬೇಕು.

ತುಣುಕಿಗೆ ತಾರೀಖೂ ಬೇಕು. ಹಳೆಯ ಕಾಯ್ದೆಯಲ್ಲಿ ಈ ರಜೆಗೆ ಅರ್ಹತೆ ನೆಲದಡಿ 190 ಹಾಜರಿ, ಉಳಿದವರಿಗೆ 240. ಅದರ ಜಾಗಕ್ಕೆ ಬಂದ 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಎಲ್ಲರಿಗೂ 180 ದಿನ. ಮೇಲೆ ಕೆಲಸ ಮಾಡಿ 200 ದಿನ ಹಾಜರಾದವನಿಗೆ ಹಳೆಯದರಲ್ಲಿ ಸೊನ್ನೆ, ಹೊಸದರಲ್ಲಿ 10. ಎರಡೂ ಕಾಗದ ಒಂದೇ ಫೋಲ್ಡರಿನಲ್ಲಿದ್ದರೆ ಯಂತ್ರಕ್ಕೆ ಎರಡೂ ಸತ್ಯವೇ.

ಕನ್ನಡದ ಕಡತಗಳದ್ದು ಬೇರೆಯೇ ತಾಪತ್ರಯ. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪಾದ ಸುತ್ತೋಲೆ ಪರದೆಯ ಮೇಲೆ ಅಪ್ಪಟ ಕನ್ನಡ. ಕಾಪಿ ಮಾಡಿ ಬೇರೆಡೆ ಅಂಟಿಸಿ ನೋಡಿ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬಾಟ್ ಓದುವುದು ಆ ಕಲಸುಮೇಲೋಗರವನ್ನೇ. ಮೊದಲು ಯೂನಿಕೋಡ್‌ಗೆ ತರದಿದ್ದರೆ ಮುಂದಿನದೆಲ್ಲ ದಂಡ.

ಕೇಳುವವರ ಭಾಷೆಯೂ ಒಂದಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆ, ಕೆಲಸದ ನಿಯಮಗಳನ್ನು ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಗೇಟಿನ ಬಳಿ ಫಲಕದಲ್ಲಿ ಹಾಕಬೇಕು ಎಂದಿತ್ತು. ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ಗೇಟಿನಲ್ಲಿ ನುಗ್ಗುವ ಕೆಜಿಎಫ್‌ನಲ್ಲಿ ಉಳಿದವರು ಪಕ್ಕದವನನ್ನು ಕೇಳಬೇಕಿತ್ತಷ್ಟೆ. ಈಗ “ಲೀವ್ ಎಷ್ಟು ಇರುಕ್ಕು?” ಎಂದು ಮೊಬೈಲಿನಲ್ಲಿ ಒತ್ತುವವನಿಗೂ ಉತ್ತರ ಸಿಗಬೇಕು. ಹಲವು ಭಾಷೆ ಕಲಿತ ಮಾದರಿಗಳು ಇದನ್ನು ತಕ್ಕಮಟ್ಟಿಗೆ ನಿಭಾಯಿಸುತ್ತವೆ. ಆದರೆ ಅರ್ಥದ ಬೆನ್ನು ಹತ್ತಿದ ಈ ಹುಡುಕಾಟ ಅಂಕಿಯಲ್ಲಿ ದಡ್ಡ. ಪಿಎಫ್‌ನ ಫಾರಂ 19, ಫಾರಂ 31 ಎರಡೂ ಹಣ ತೆಗೆಯುವ ಅರ್ಜಿಗಳೇ, ಹಾಗಾಗಿ ಅದರ ಲೆಕ್ಕದಲ್ಲಿ ಅಕ್ಕಪಕ್ಕ. ಒಂದು ಕೆಲಸ ಬಿಟ್ಟವರ ಅಂತಿಮ ಲೆಕ್ಕಕ್ಕೆ, ಇನ್ನೊಂದು ನಡುವೆ ಮುಂಗಡ ಪಡೆಯಲಿಕ್ಕೆ. ಇಂಥ ಕಡೆ ಹಳೆಯ ಅಕ್ಷರಶಃ ಹುಡುಕಾಟವನ್ನೂ ಜೊತೆಗಿಡಬೇಕು.

‘ರಜೆಯ ನಿಯಮವೇನು’ ಎಂಬುದು ಕಾಗದದ ಪ್ರಶ್ನೆ, ‘ನನ್ನ ರಜೆ ಎಷ್ಟು ಉಳಿದಿದೆ’ ಎಂಬುದು ಹಾಜರಿ ಪುಸ್ತಕದ್ದು. ಎರಡನೆಯದಕ್ಕೆ ಕೇಳುವವನ ಗುರುತು ಖಚಿತವಾಗಬೇಕು. ಮೊದಲ ಹಂತದಲ್ಲಿ ಅದನ್ನು ಮುಟ್ಟದಿರುವುದೇ ಜಾಣತನ.

ಬಾಟ್ ಹೇಳಿದ್ದಕ್ಕೆ ಹೊಣೆ ಯಾರು ಎಂಬ ಅನುಮಾನವಿದ್ದರೆ ಕೆನಡಾ ಕಡೆ ನೋಡಬಹುದು. ಏರ್ ಕೆನಡಾ ವಿಮಾನ ಕಂಪನಿಯ ಬಾಟ್ ಟಿಕೆಟ್ ರಿಯಾಯಿತಿಯ ಬಗ್ಗೆ ತಪ್ಪು ಹೇಳಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಕಂಪನಿಯಿಂದಲೇ ಪ್ರಯಾಣಿಕನಿಗೆ ಹಣ ಕೊಡಿಸಿತು.

ಹಾಗಾದರೆ ಸೋಮವಾರ ಎಲ್ಲಿಂದ ಶುರು? ಟೈಂ ಆಫೀಸಿನ ಕಿಟಕಿಯ ಬಳಿ ಕೂತು, ಜನ ನಿಜವಾಗಿ ಕೇಳುವ ಐವತ್ತು ಪ್ರಶ್ನೆಗಳನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಗುಮಾಸ್ತ ಕೊಟ್ಟ ಉತ್ತರವನ್ನು ಪಕ್ಕದಲ್ಲೇ ಬರೆಯಿರಿ. ಕಾಗದದಲ್ಲಿ ಉತ್ತರವೇ ಇಲ್ಲದ ಐದಾರು ಪ್ರಶ್ನೆಗಳೂ ಇರಲಿ. ಅಲ್ಲಿ ಬಾಟ್ “ನನ್ನ ಬಳಿ ಇಲ್ಲ, ಟೈಂ ಆಫೀಸಿನಲ್ಲಿ ಕೇಳಿ” ಎಂದರೆ ಪೂರ್ತಿ ಅಂಕ. ತಪ್ಪಿದಾಗ ಉತ್ತರ ತಿದ್ದಲು ಹೋಗಬೇಡಿ, ಅದರ ಮುಂದಿಟ್ಟ ತುಣುಕುಗಳನ್ನು ತೆಗೆದು ನೋಡಿ. ಸರಿಯಾದ ತುಣುಕು ಅಲ್ಲಿಲ್ಲದಿದ್ದರೆ ದೋಷ ಹುಡುಕಾಟದ್ದು, ಇದ್ದೂ ತಪ್ಪಿದರೆ ಮಾದರಿಯದ್ದು. ಯಾವ ಕಂಪನಿಯ ಎಐ ಎಂಬ ಮಾತನ್ನು ಆಗ ಎತ್ತಿದರೆ ಸಾಕು.