ಗುಡ್ಡ ಹತ್ತುವ ಲೆಕ್ಕ

ಭಾಗಮಂಡಲದಿಂದ ಪಶ್ಚಿಮಕ್ಕೆ ಹೊರಟ ರಸ್ತೆ ಕಾಡಿನ ನಡುವೆ ಸುತ್ತಿ ಬಳಸಿ ಇಳಿದು, ಕೇರಳದ ಪಾಣತ್ತೂರನ್ನು ಸೇರುವ ಮುನ್ನ ಕರಿಕೆಯನ್ನು ಮುಟ್ಟುತ್ತದೆ. ಕೊಡಗಿನದೇ ಗ್ರಾಮವಾದರೂ ಇಲ್ಲಿ ಅಡಕೆ, ರಬ್ಬರು ತೋಟಗಳು ಕಣ್ಣಿಗೆ ಬೀಳುತ್ತವೆ. ಕನ್ನಡದೊಡನೆ ಅರೆಭಾಷೆ, ಮಲೆಯಾಳಗಳು ಕಿವಿಗೆ ಬೀಳುತ್ತವೆ. ಮನೆಗಳು ಒಂದೆಡೆ ಗುಂಪಾಗಿಲ್ಲ. ಒಂದೊಂದು ಗುಡ್ಡದ ಓರೆಯಲ್ಲಿ ಒಂದೊಂದು.

ಕಳೆದ ಬೇಸಿಗೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ಮನೆಗೆಂದು ನಾವು ಅಲ್ಲಿಗೆ ಹೋಗಿದ್ದೆವು. ರಸ್ತೆಯ ಬದಿಯ ಅಂಗಡಿಯಲ್ಲಿ ನಿಂತಾಗ ಆತ ಸಿಹಿ ಪಾನೀಯದ ಶೀಶೆಯೊಂದನ್ನು ಬರಿದು ಮಾಡಿ ಇನ್ನೊಂದಕ್ಕೆ ಕೈ ಚಾಚಿದ.

“ಒಂದು ಸಾಲದೇನಯ್ಯ?” ಎಂದೆವು.

“ಮನೆ ಮೇಲೆ ಇದೆ ಸಾರ್. ಹತ್ತುವಷ್ಟರಲ್ಲಿ ಎಲ್ಲ ಕರಗಿ ಹೋಗುತ್ತದೆ.”

ಭೌತಶಾಸ್ತ್ರದ ಅಧ್ಯಾಪಕರ ಮುಂದೆ ಇಂಥ ಮಾತನ್ನು ಆಡಬಾರದು. ಅಂಗಡಿಯವರಿಂದ ಒಂದು ತುಂಡು ಕಾಗದವನ್ನು ಕೇಳಿ ಪಡೆದೆವು. ಹುಡುಗನ ತೂಕ 50 ಕಿಲೋಗ್ರಾಂ, ಮನೆ ರಸ್ತೆಯಿಂದ 100 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಭಾರವನ್ನು ಮೇಲೆತ್ತುವ ಕೆಲಸ ಎಷ್ಟೆಂಬುದು ಪ್ರೌಢಶಾಲೆಯ ಪಾಠ: 50ನ್ನು 9.8ರಿಂದಲೂ ಮತ್ತೆ 100ರಿಂದಲೂ ಗುಣಿಸಿದರೆ 49,000 ಜೂಲ್. ಒಂದು ಕಿಲೋಕ್ಯಾಲೊರಿ ಎಂದರೆ 4,184 ಜೂಲ್. ಆದುದರಿಂದ ಈ ಕೆಲಸ ಹನ್ನೆರಡು ಕಿಲೋಕ್ಯಾಲೊರಿಯೂ ಆಗಲಿಲ್ಲ. ಆದರೆ ನಮ್ಮ ಸ್ನಾಯು ಪರಿಪೂರ್ಣ ಯಂತ್ರವಲ್ಲ. ಬಳಸಿದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಅದು ಕೆಲಸವನ್ನಾಗಿ ಮಾಡುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಗುಡ್ಡ ಹತ್ತುವಾಗ ಬೆವರುವುದು ಇದರಿಂದಲೇ. ಹೀಗೆ ನಾಲ್ಕುಪಟ್ಟು ಮಾಡಿದರೂ ಖರ್ಚು ಸುಮಾರು 47 ಕಿಲೋಕ್ಯಾಲೊರಿ. ಮಟ್ಟಸ ದಾರಿಯ ನಡಿಗೆಗೂ ಒಂದಿಷ್ಟು ಶಕ್ತಿ ಬೇಕು. ಅದನ್ನು ಇಲ್ಲಿ ಸೇರಿಸಿಲ್ಲ.

ಇನ್ನು ಶೀಶೆಯ ಕಡೆಗೆ ತಿರುಗೋಣ. ಇಂಥ ಪಾನೀಯದ 250 ಮಿಲಿಲೀಟರಿನಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ಗ್ರಾಂ ಒಂದಕ್ಕೆ 4ರಂತೆ 104 ಕಿಲೋಕ್ಯಾಲೊರಿ. ಒಂದು ಶೀಶೆಯನ್ನು ‘ಕರಗಿಸಲು’ ಮನೆಯ ಗುಡ್ಡವನ್ನು ಎರಡು ಸಲ ಹತ್ತಿ, ಮೂರನೆಯ ಸಲವೂ ಸ್ವಲ್ಪ ದೂರ ಏರಬೇಕು!

ಹುಡುಗ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಎರಡನೆಯ ಶೀಶೆಯನ್ನು ಕೊಳ್ಳಲಿಲ್ಲ. ಆದರೆ ಮರುಕ್ಷಣವೇ, “ಹಾಗಾದರೆ ನಡೆದು ಏನು ಪ್ರಯೋಜನ ಸಾರ್? ಜೀಪಿನಲ್ಲೇ ಹೋಗೋಣ” ಎಂದ.

ನಮಗೆ ಮಾತೇ ಹೊರಡಲಿಲ್ಲ. ಲೆಕ್ಕ ಸರಿಯಾಗಿತ್ತು, ಆದರೆ ಅದರಿಂದ ಹುಡುಗ ಕಲಿತದ್ದು ತಪ್ಪು ಪಾಠವಾಗಿತ್ತು. ಈ ಲೇಖನಕ್ಕೆ ಕಾರಣ ಆ ಪ್ರಶ್ನೆಯೇ.

ವ್ಯಾಯಾಮವೆಂಬುದು ತಿಂದ ಸಾಲವನ್ನು ತೀರಿಸುವ ಉಪಾಯವೆಂದು ನಾವೆಲ್ಲ ಭಾವಿಸಿಬಿಟ್ಟಿದ್ದೇವೆ. ಸುಮ್ಮನೆ ಮಲಗಿದ್ದರೂ ಹೃದಯ, ಮಿದುಳು, ಯಕೃತ್ತುಗಳ ಕೆಲಸಕ್ಕೆ ಆ ಹುಡುಗನ ದೇಹ ದಿನಕ್ಕೆ ಸಾವಿರ ಕಿಲೋಕ್ಯಾಲೊರಿಗೂ ಹೆಚ್ಚು ವ್ಯಯಿಸುತ್ತದೆ. ಅದರ ಮುಂದೆ ಗುಡ್ಡದ 47 ಯಾವ ಲೆಕ್ಕ? ನಡಿಗೆಯ ಫಲವನ್ನು ಬೇರೆಡೆ ಹುಡುಕಬೇಕು.

ಮೂಳೆಯನ್ನೇ ನೋಡಿ. ಅದು ಗೋಡೆಯ ಕಲ್ಲಿನಂತೆ ಜಡವಸ್ತುವಲ್ಲ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಬಾಲ್ಯದಿಂದ ಟೆನಿಸ್ ಆಡಿದವರಲ್ಲಿ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಮತ್ತೊಂದು ತೋಳಿನದಕ್ಕಿಂತ ದಪ್ಪವಾಗಿರುತ್ತದೆ. ದೇಹ ಒಂದೇ, ಊಟ ಒಂದೇ. ಭಿನ್ನವಾದುದು ಕೆಲಸ ಮಾತ್ರ. ಪ್ರಾಯಕ್ಕೆ ಬಂದವರ ಮೂಳೆಯಲ್ಲಿರುವ ಖನಿಜದಲ್ಲಿ ಸುಮಾರು ಕಾಲುಭಾಗ, ಹದಿಹರೆಯದಲ್ಲಿ ಮಕ್ಕಳು ಸರಸರನೆ ಎತ್ತರ ಬೆಳೆಯುವ ಎರಡೇ ವರ್ಷಗಳಲ್ಲಿ ಸಂಗ್ರಹವಾಗುತ್ತದೆ. ಆ ಎರಡು ವರ್ಷ ಜೀಪಿನ ಆಸನದ ಮೇಲೆ ಕಳೆದುಹೋದರೆ ಮುಂದೆ ಅದನ್ನು ತುಂಬಿಕೊಳ್ಳುವುದು ಕಷ್ಟ.

ಹೃದಯಕ್ಕೂ ಇಂಥದೇ ಕಥೆ ಉಂಟು. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗಿಂತ ಕುಳಿತೇ ಇದ್ದ ಚಾಲಕರಲ್ಲಿ ಹೃದ್ರೋಗ ಹೆಚ್ಚೆಂದು ಜೆರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ತೋರಿಸಿದರು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂತೆ ಓಡಾಡಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು ಮೂಳೆಗಳಿಗೆ ಕೆಲಸ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2016ರ ಅಂಕಿ ಅಂಶಗಳಂತೆ ಜಗತ್ತಿನ 11ರಿಂದ 17 ವರ್ಷದವರಲ್ಲಿ ಐವರಲ್ಲಿ ನಾಲ್ವರು ಅಷ್ಟು ಮಾಡುತ್ತಿರಲಿಲ್ಲ.

ಕೊಡಗಿನವರಿಗೆ ಇದನ್ನು ಹೇಳಬೇಕೆ ಎಂದು ಕೆಲವರು ನಗಬಹುದು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ದೇಶಕ್ಕೆಲ್ಲ ಪರಿಚಿತ. ಆದರೆ ಹಾಕಿಗೆ ಸಮತಟ್ಟಾದ ಬಯಲು ಬೇಕು. ಗುಡ್ಡದ ಓರೆಯ ಅಂಗಳದಲ್ಲಿ ಚೆಂಡು ಉರುಳಿದರೆ ತೋಡಿನಲ್ಲಿ ಹುಡುಕಬೇಕಾದೀತು. ಜೂನ್ ಬಂತೆಂದರೆ ಮಳೆ, ಮಳೆಗೆ ರಜೆ, ಹೊರಗೆ ಕಾಲಿಟ್ಟರೆ ಇಂಬಳ. ಮೂಳೆಗಾದರೋ ಬಯಲೇನೂ ಬೇಕಿಲ್ಲ. ಹಗ್ಗದಾಟದಲ್ಲಿ ಜಿಗಿದು ನೆಲಕ್ಕೆ ತಾಗುವ ಪ್ರತಿಸಲವೂ ಕಾಲಿನ ಮೇಲೆ ದೇಹದ ಭಾರದ ಎರಡು ಮೂರು ಪಟ್ಟು ಬಲ ಬೀಳುತ್ತದೆ. ಜಗಲಿಯಲ್ಲಿ ನಾಲ್ಕು ಹೆಜ್ಜೆ ಜಾಗವಿದ್ದರೆ ಸಾಕು.

ಇನ್ನು ಊಟದ ಮಾತು. ಕೆಲಸ ಮಾಡುವ ಮೂಳೆಗೆ ಕಟ್ಟಡದ ಸಾಮಗ್ರಿಯೂ ಬೇಕಷ್ಟೆ. ಗುಡ್ಡ ಹತ್ತಿ ಬಂದ ನಮಗೆ ಆ ಮನೆಯಲ್ಲಿ ಬೇಯಿಸಿದ ಮರಗೆಣಸನ್ನೂ ಮೀನಿನ ಸಾರನ್ನೂ ಬಡಿಸಿದರು. ಇದು ಬಲು ಜಾಣ ಜೋಡಿ. ಮರಗೆಣಸಿನಲ್ಲಿ ಪಿಷ್ಟ ಹೇರಳ, ಪ್ರೋಟೀನು ನೂರು ಗ್ರಾಮಿಗೆ ಒಂದು ಗ್ರಾಮಿನಷ್ಟು ಮಾತ್ರ. ಆ ಕೊರತೆಯನ್ನು ಮೀನು ನೀಗಿಸುತ್ತದೆ. ಮುಳ್ಳು ಸಮೇತ ಅಗಿಯುವ ಚಿಕ್ಕ ಮೀನಾದರೆ ಕ್ಯಾಲ್ಸಿಯಮ್ಮೂ ದೊರೆಯಿತು. ಮೀನು ತಿನ್ನದವರಿಗೆ ಹಾಲು, ಬೇಳೆ, ರಾಗಿ ಇವೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಲೋಟವನ್ನು ಕಿಟಕಿಯಿಂದಾಚೆ ಚೆಲ್ಲುವ ಜಾಣರು ಇದನ್ನು ಗಮನಿಸಬೇಕು. ಊಟದೊಡನೆ ಅಂಗಳದ ಪೇರಳೆ ಹಣ್ಣನ್ನು ತಿಂದರೆ ಅದರ ‘ಸಿ’ ಜೀವಸತ್ವ ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ; ಊಟದ ಬೆನ್ನಿಗೇ ಕುಡಿದ ಚಹಾ ಅದನ್ನೇ ತಡೆಯುತ್ತದೆ. ಬೆಳೆಯುವ ಹುಡುಗಿಯರಿಗೆ ಇದು ಸಣ್ಣ ವಿಷಯವಲ್ಲ. ಅಂಗಡಿಯಲ್ಲಿ ತೂಗುಬಿದ್ದ ಹತ್ತು ರೂಪಾಯಿಯ ಪೊಟ್ಟಣದಲ್ಲಿ ಎಣ್ಣೆ, ಉಪ್ಪು, ಪಿಷ್ಟ, ಮತ್ತಷ್ಟು ಗಾಳಿ. ಸುಮಾರು ಅದೇ ಬೆಲೆಯ ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು.

ಇಷ್ಟನ್ನೂ ಆ ಸಂಜೆ ಜಗಲಿಯಲ್ಲಿ ಕುಳಿತು ಹುಡುಗನಿಗೆ ಹೇಳಿದೆವು. ಆತ ತಲೆಯಾಡಿಸಿದ. ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದವಳು ಒಂಬತ್ತನೆಯ ತರಗತಿಯ ಅವನ ತಂಗಿ. ದೊಡ್ಡವಳಾದ ಮೇಲೆ ಆಟಕ್ಕೆ ಹೋಗುವುದನ್ನು ನಿಲ್ಲಿಸಿದ್ದಾಳೆಂದು ತಾಯಿ ಹೇಳಿದರು. “ಜಗಲಿಯಲ್ಲಿ ಆಡಿದರೆ ಯಾರೂ ಏನೂ ಅನ್ನುವುದಿಲ್ಲ ಅಲ್ಲವೆ ಅಮ್ಮ?” ಎಂದು ಕೇಳಿದವಳೇ ಒಳಗಿನಿಂದ ಬಾವಿಯ ಹಳೆಯ ಹಗ್ಗದ ತುಂಡೊಂದನ್ನು ತಂದಳು. ನಲವತ್ತನೆಯ ಜಿಗಿತಕ್ಕೆ ಹಗ್ಗ ಕಾಲಿಗೆ ತೊಡರಿತು. ಅಣ್ಣ ನಕ್ಕ. ಹಗ್ಗವನ್ನು ಅವನ ಕೈಗಿತ್ತಳು. ಅವನದು ಹದಿನೇಳಕ್ಕೇ ನಿಂತಿತು.