ನಾಲ್ಕು ತಾಸು, ನೂರೈವತ್ತು ಚಮಚ

ರಾಮಥಾಳದ ಹೆಸರು ಹೊತ್ತ ಹನಿ ನೀರಾವರಿ ಯೋಜನೆಯ ವಿಸ್ತಾರ 24,000 ಹೆಕ್ಟೇರ್. ಬೆಳೆಗೆ ಎಷ್ಟು ತಾಸು ನೀರು ಬಿಡಬೇಕು ಎಂಬುದು ಆ ಯೋಜನೆಯಿರುವ ಹುನಗುಂದ ಭಾಗದ ರೈತರಿಗೆ ದಿನದ ಮಾತು. ಕಾಲರಾ ಬಂದ ಮನೆಯಲ್ಲೂ ಜೀವ ಉಳಿಸುವುದು ಅಂಥದ್ದೇ ಲೆಕ್ಕ.

ರೋಗಾಣು ಹೊಟ್ಟೆ ಸೇರಿದ 12 ತಾಸಿನಿಂದ 5 ದಿನದೊಳಗೆ ಅಕ್ಕಿ ತೊಳೆದ ನೀರಿನಂಥ ಭೇದಿ ಶುರುವಾಗುತ್ತದೆ. ಜೋರಾದರೆ ತಾಸಿಗೆ 1 ಲೀಟರ್‌ವರೆಗೂ ನೀರು ಮೈಬಿಟ್ಟು ಹೋಗುತ್ತದೆ. ಆದರೆ ಉಪ್ಪು, ಸಕ್ಕರೆ ಕೂಡಿದ ನೀರನ್ನು ಹೀರುವ ಶಕ್ತಿ ಕರುಳಿಗೆ ಆಗಲೂ ಇರುತ್ತದೆ. ಬಾಯಿಂದ ಕುಡಿಸುವ ಓಆರ್‌ಎಸ್ ದ್ರಾವಣ ನಿಂತಿರುವುದು ಇದರ ಮೇಲೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಇದನ್ನೇ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 3.6ಕ್ಕೆ ಇಳಿಯಿತು.

ಓಆರ್‌ಎಸ್ ಪೊಟ್ಟಣವೊಂದಕ್ಕೆ ಅಂಗಡಿಯಲ್ಲಿ 20–25 ರೂಪಾಯಿ. ಆಶಾ ಕಾರ್ಯಕರ್ತೆಯ ಬಳಿ ಪುಕ್ಕಟೆ. ಲೀಟರಿನ ಪೊಟ್ಟಣಕ್ಕೆ 1 ಲೀಟರ್ ಶುದ್ಧ ನೀರು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಪೊಟ್ಟಣ ಸಿಗದಿದ್ದರೆ ಲೀಟರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ನೀರು ಬತ್ತತೊಡಗಿದ ಮೈಗೆ ಕಿಲೋ ತೂಕಕ್ಕೆ 75 ಮಿ.ಲೀ. ಓಆರ್‌ಎಸ್, 4 ತಾಸಿನಲ್ಲಿ. 10 ಕಿಲೋ ಕೂಸಿಗೆ 750 ಮಿ.ಲೀ. ಅಂದರೆ 5 ಮಿ.ಲೀ. ಚಮಚದಲ್ಲಿ 150 ಸಲ, ಸುಮಾರು ಒಂದೂವರೆ ನಿಮಿಷಕ್ಕೊಂದು. ಅವ್ವನ ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಬಟ್ಟಲು. ವಾಂತಿಯಾದರೆ 10 ನಿಮಿಷ ತಡೆದು ಮತ್ತೆ ಮೆಲ್ಲಗೆ ಶುರು ಮಾಡಬೇಕು. ಕೈ ಸೋತರೆ ಅಜ್ಜಿ ಚಮಚ ಹಿಡಿಯಲಿ. ಎದೆಹಾಲನ್ನಂತೂ ನಿಲ್ಲಿಸಲೇಬಾರದು.

ಕಣ್ಣು ಗುಳಿಬಿದ್ದು ಮಂಪರು ಕವಿದರೆ, ಕುಡಿಯಲಾಗದಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ 50 ಕಿಲೋ ಆಳಿಗೆ 3 ತಾಸಿನಲ್ಲಿ ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣ 5 ಲೀಟರ್ ಬೇಕು, ಅರ್ಧ ಲೀಟರಿನ 10 ಬಾಟಲಿ. ಮೊದಲ 3 ಬಾಟಲಿ ಅರ್ಧ ತಾಸಿನಲ್ಲೇ ಇಳಿಯಬೇಕು. ಒಂದು ಬಾಟಲಿ ಏರಿಸಿ ಮನೆಗೆ ಕಳಿಸುವ ಚಿಕಿತ್ಸೆ ಇಂಥವರಿಗೆ ಸಾಲದು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಇಂಥ ರೋಗಿಗಳಲ್ಲಿ ಅರ್ಧದಷ್ಟು ಜನ ಸಾಯಬಹುದು. ಸರಿಯಾಗಿ ನೀರು ತುಂಬಿದರೆ ನೂರಕ್ಕೆ ಒಬ್ಬರೂ ಸಾಯುವುದಿಲ್ಲ.

ರೋಗ ತಡೆಯುವ ಖರ್ಚು ಇನ್ನೂ ಕಡಿಮೆ. 1,000 ಲೀಟರ್ ಕುಡಿಯುವ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ಹಾಕಿ ಒಂದು ತಾಸು ಬಿಡಬೇಕು. ಪರೀಕ್ಷೆಯನ್ನು ಮಾತ್ರ ಟ್ಯಾಂಕಿನ ಬುಡದಲ್ಲಲ್ಲ, ಊರಿನ ಕಟ್ಟಕಡೆಯ ನಳದಲ್ಲಿ ಮಾಡಬೇಕು: ವಾಂತಿಭೇದಿ ಕಾಲದಲ್ಲಿ ಅಲ್ಲೂ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಏಕೆಂದರೆ ನೀರು ಬಿಡುವುದು ನಿಂತ ಹೊತ್ತಿನಲ್ಲಿ ಖಾಲಿ ಪೈಪು ಒಡಕಿನಿಂದ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಕೆಲವರು ಬದುಕಲಿಲ್ಲ. ನೀರಗಂಟಿಯ ಕೈಗೆ ಪೌಡರಿನ ಚೀಲದ ಜೊತೆಗೆ ಕ್ಲೋರಿನ್ ಅಳೆಯುವ ಸಣ್ಣ ಡಬ್ಬಿಯನ್ನೂ ಪಂಚಾಯಿತಿ ಈ ಮಳೆಗಾಲಕ್ಕೆ ಮುಂಚೆಯೇ ಕೊಡಲಿ.