ಮಕ್ಕಳ ತಲೆನೋವಿಗೆ ‘ಶಕ್ತಿ’ಯ ಕೊರತೆಯೇ ಕಾರಣವೇ?

ಮಗು ಪದೇ ಪದೇ ತಲೆನೋವು ಎಂದರೆ ವಿಟ್ಲದ ಕಡೆ ಮೊದಲು ಕಣ್ಣು ತೋರಿಸುತ್ತಾರೆ. ಕಣ್ಣು ಸರಿಯಿದ್ದರೆ ಅಮೃತಬಳ್ಳಿ ಕಷಾಯ, ಇಲ್ಲವೇ ಮೆಡಿಕಲ್‌ನಿಂದ ತಂದ ಇಮ್ಯುನಿಟಿ ಟಾನಿಕ್. ಮೈಗ್ರೇನ್ ಇರುವ ಮಕ್ಕಳ ರಕ್ತದಲ್ಲಿ ಪ್ರತಿರಕ್ಷೆಯ ಕೋಶಗಳು ಹೊರಬಿಡುವ ಉರಿಯೂತದ ಸೈಟೋಕೈನ್‌ಗಳು ಏರುಪೇರಾಗಿರುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ ಎಂದು ಕೇಳಿದವರಿಗೆ, ರೋಗನಿರೋಧಕ ಶಕ್ತಿ ಕಡಿಮೆಯಾದ್ದರಿಂದಲೇ ತಲೆನೋವು ಎಂಬ ನಂಬಿಕೆ ಇನ್ನೂ ಗಟ್ಟಿಯಾದೀತು. ಆದರೆ ಆ ಸಂಶೋಧನೆ ನಡೆದುಬಂದ ದಾರಿ ಹೇಳುವುದು ಬೇರೆಯದನ್ನೇ.

ಶಾಲಾಮಕ್ಕಳಲ್ಲಿ ಮೈಗ್ರೇನ್ ಎಷ್ಟಿದೆಯೆಂದು ದೊಡ್ಡ ಪ್ರಮಾಣದಲ್ಲಿ ಎಣಿಸಿದವರು ಸ್ವೀಡನ್ನಿನ ಬೋ ಬಿಲ್ಲೆ. ಉಪ್ಸಾಲಾದ ಸುಮಾರು 9,000 ಮಕ್ಕಳಲ್ಲಿ ಶೇ 3.9ರಷ್ಟು ಮಂದಿಗೆ ಅದಿದೆಯೆಂದು 1962ರಲ್ಲಿ ಅವರು ಪ್ರಕಟಿಸಿದರು. ರಕ್ತನಾಳ ಹಿಗ್ಗುವುದೇ ನೋವಿನ ಮೂಲ ಎಂಬ ಹೆರಾಲ್ಡ್ ವುಲ್ಫ್ ಅವರ ವಾದಕ್ಕೆ ಆಗ ಮನ್ನಣೆಯಿತ್ತು. 1979ರಲ್ಲಿ ಮೈಕೆಲ್ ಮೊಸ್ಕೊವಿಟ್ಜ್ ದೃಷ್ಟಿಯನ್ನು ನರದತ್ತ ತಿರುಗಿಸಿದರು. ಮುಖದ ಟ್ರೈಜೆಮಿನಲ್ ನರದ ಕವಲುಗಳು ಮಿದುಳಿನ ಹೊದಿಕೆಯ ರಕ್ತನಾಳಗಳ ಬಳಿ ರಾಸಾಯನಿಕಗಳನ್ನು ಸುರಿಸುತ್ತವೆ. ರೋಗಾಣು ಇಲ್ಲದೆಯೇ ಅಲ್ಲಿ ಉರಿಯೂತ ಏಳಬಲ್ಲದು. ಅಂಥ ಒಂದು ರಾಸಾಯನಿಕವಾದ ಸಿಜಿಆರ್‌ಪಿ ನೋವಿನ ಹೊತ್ತಿನಲ್ಲಿ ಕುತ್ತಿಗೆಯ ರಕ್ತನಾಳದಲ್ಲಿ ಹೆಚ್ಚಿರುವುದನ್ನು 1990ರಲ್ಲಿ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ ತೋರಿಸಿದರು. ಅದೇ ಹೊದಿಕೆಯಲ್ಲಿ ಅಲರ್ಜಿಗೆ ಹೆಸರಾದ, ಪ್ರತಿರಕ್ಷೆಗೆ ಸೇರಿದ ಮಾಸ್ಟ್ ಕೋಶಗಳೂ ಇವೆ. ಪ್ರತಿರಕ್ಷೆಯ ಮಾತು ತಲೆನೋವಿನೊಳಗೆ ಬಂದದ್ದು ಈ ಬಾಗಿಲಿನಿಂದ. ಹಾಗಾಗಿ ಇಲ್ಲಿ ಸಂಶಯವಿರುವುದು ಪ್ರತಿರಕ್ಷೆ ಸೋತಿದೆಯೆಂದಲ್ಲ, ಕೆರಳಿದೆಯೆಂದು. ಕೆರಳಿದ್ದಕ್ಕೆ ಬಲ ತುಂಬುವ ಔಷಧಿಯಲ್ಲಿ ಅರ್ಥ ಕಾಣುವುದಿಲ್ಲ. ಸೈಟೋಕೈನ್ ಅಳೆದ ಅಧ್ಯಯನಗಳೋ ಚಿಕ್ಕವು, ಒಂದಕ್ಕೊಂದು ತಾಳೆಯಾಗದವು; ಮಗುವಿಗೆ ನೆಗಡಿಯಾದರೂ ನಿದ್ದೆಗೆಟ್ಟರೂ ಆ ಅಂಕಿ ಬದಲಾಗುತ್ತದೆ.

‘ಟಾನಿಕ್ ಕುಡಿದ ಮೇಲೆ ಕಡಿಮೆಯಾಯಿತಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 8ರಿಂದ 17 ವರ್ಷದವರಿಗೆ ಎರಡು ಹೆಸರಾಂತ ಮಾತ್ರೆಗಳನ್ನೂ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಟ್ಟು ನೋಡಿದರು. ಹುಸಿ ಮಾತ್ರೆ ನುಂಗಿದವರಲ್ಲಿ ಶೇ 61ರಷ್ಟು ಮಂದಿಗೆ ತಲೆನೋವಿನ ದಿನಗಳು ಅರ್ಧಕ್ಕಿಳಿದವು. ನಿಜವಾದ ಔಷಧ ಪಡೆದವರಲ್ಲಿ ಶೇ 52 ಮತ್ತು 55. ಮಕ್ಕಳ ತಲೆನೋವು ತಾನಾಗಿಯೂ ತಗ್ಗುತ್ತದೆ, ಭರವಸೆಯಿಂದಲೂ ತಗ್ಗುತ್ತದೆ. ಆ ಶ್ರೇಯಸ್ಸು ಬಾಟಲಿಯ ಪಾಲಾಗುತ್ತದೆ.

ನಿಮ್ಹಾನ್ಸ್ ತಂಡ ಬೆಂಗಳೂರು ಸುತ್ತಮುತ್ತ ನಡೆಸಿದ ಸಮೀಕ್ಷೆಯಲ್ಲಿ 18ರಿಂದ 65 ವರ್ಷದವರಲ್ಲಿ ಕಾಲು ಭಾಗದಷ್ಟು ಮಂದಿಗೆ ವರ್ಷದೊಳಗೆ ಮೈಗ್ರೇನ್ ಬಂದಿತ್ತು. ಮಕ್ಕಳು ಆ ಲೆಕ್ಕದಲ್ಲಿರಲಿಲ್ಲ. ಅವರ ಲೆಕ್ಕವನ್ನು ಮನೆಯಲ್ಲೇ ಇಡಬಹುದು. ಪುತ್ತೂರಿಗೋ ಬಿ.ಸಿ.ರೋಡಿಗೋ ಬೆಳಗ್ಗೆ ಅರೆಹೊಟ್ಟೆಯಲ್ಲಿ ಬಸ್ಸು ಹತ್ತುವ ಮಗುವಿನ ಊಟ, ನೀರು, ನಿದ್ದೆ, ನೋವು ಬಂದ ಗಂಟೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ವೈದ್ಯರಿಗೆ ರಕ್ತಪರೀಕ್ಷೆಗಿಂತ ಹೆಚ್ಚು ತಿಳಿಯುತ್ತದೆ. ನಿದ್ದೆಯಿಂದ ಎಬ್ಬಿಸುವ ನೋವು, ಬೆಳಗಿನ ವಾಂತಿ, ಜ್ವರದೊಂದಿಗೆ ಕುತ್ತಿಗೆ ಬಿಗಿತ ಕಂಡರೆ ಮಾತ್ರ ಬರೆಯುತ್ತ ಕೂರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.